ಗುರಿ ತಪ್ಪುವವರಿಗೂ ಕೆಲಸವಿರುವ ಆಟ: ವ್ಯಾಲರಂಟ್ ಕುರಿತು

ಧಾರವಾಡದ ಶಾಲೆಯಲ್ಲಿ ಕಬಡ್ಡಿ ಆಡುತ್ತಿದ್ದಾಗ ನಾನು ಒಮ್ಮೆಯೂ ರೇಡಿಗೆ ಹೋದವಳಲ್ಲ. ನನ್ನ ಕಾಲಿನಲ್ಲಿ ಅಷ್ಟು ವೇಗವಿರಲಿಲ್ಲ. ಆದರೂ ನಮ್ಮ ಆಟದ ಟೀಚರು ಏಳು ಮಂದಿಯಲ್ಲಿ ನನ್ನನ್ನು ಬಿಡದೆ ಸೇರಿಸಿಕೊಳ್ಳುತ್ತಿದ್ದರು. ಎದುರಾಳಿ ಒಳಬಂದಾಗ ಪಕ್ಕದವಳ ಕೈಯನ್ನು ಯಾವ ಕ್ಷಣದಲ್ಲಿ ಬಿಗಿಹಿಡಿಯಬೇಕು, ಯಾವ ಕ್ಷಣದಲ್ಲಿ ಸಡಿಲಿಸಬೇಕು ಎಂಬುದು ನನಗೆ ಗೊತ್ತಿತ್ತು. ಪುಣೆಗೆ ಬಂದು ಕೆಲಸಕ್ಕೆ ಸೇರಿದ ಮೇಲೆ, ಜೊತೆಯಲ್ಲಿರುವ ತಮ್ಮನ ಒತ್ತಾಯಕ್ಕೆ ವ್ಯಾಲರಂಟ್ ಎಂಬ ಕಂಪ್ಯೂಟರ್ ಆಟ ಆಡತೊಡಗಿ ಈಗ ಮೂರು ವರ್ಷವಾಗುತ್ತ ಬಂದಿದೆ. ಈ ಆಟ ಹೇಗಿದೆ ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಕೈ ಸರಪಳಿಯೇ. ಬಂದೂಕು ಹಿಡಿದು ಆಡುವ ತಂಡದ ಆಟದಲ್ಲಿ, ಕೈ ಅಷ್ಟೇನೂ ಚುರುಕಿಲ್ಲದ ಐದನೆಯ ಆಟಗಾರನಿಗೆ ಮಾಡಲು ನಿಜವಾದ ಕೆಲಸವಿದೆಯೇ? ನಾನು ಈ ಆಟವನ್ನು ಅಳೆದಿರುವುದು ಈ ಒಂದು ಪ್ರಶ್ನೆಯಿಂದ.

ಆಡದವರಿಗಾಗಿ ನಿಯಮಗಳನ್ನು ಚಿಕ್ಕದಾಗಿ ಹೇಳುತ್ತೇನೆ. ರಯಟ್ ಗೇಮ್ಸ್ ಸಂಸ್ಥೆಯು 2020ರ ಜೂನ್ 2ರಂದು ಬಿಡುಗಡೆ ಮಾಡಿದ ಈ ಆಟದಲ್ಲಿ ಐದೈದು ಜನರ ಎರಡು ತಂಡಗಳಿರುತ್ತವೆ. ದಾಳಿ ಮಾಡುವ ತಂಡದ ಬಳಿ ಸ್ಪೈಕ್ ಎಂಬ ಒಂದು ಬಾಂಬ್ ಇರುತ್ತದೆ. ಅದನ್ನು ನಕ್ಷೆಯಲ್ಲಿ, ಅಂದರೆ ಆಟ ನಡೆಯುವ ಕಣದಲ್ಲಿ, ಗುರುತಿಸಿದ ಸೈಟುಗಳಲ್ಲಿ ಒಂದರೊಳಗೆ ಒಯ್ದು, 4 ಸೆಕೆಂಡು ಕದಲದೆ ನಿಂತು ನೆಡಬೇಕು. ನೆಟ್ಟ 45 ಸೆಕೆಂಡುಗಳಲ್ಲಿ ಅದು ಸಿಡಿಯುತ್ತದೆ. ಅಷ್ಟರೊಳಗೆ ರಕ್ಷಕ ತಂಡ ಅದನ್ನು ನಿಷ್ಕ್ರಿಯಗೊಳಿಸಬೇಕಾದರೆ 7 ಸೆಕೆಂಡು ಬೇಕು, ಆದರೆ ಮೊದಲ ಮೂರೂವರೆ ಸೆಕೆಂಡು ಪೂರೈಸಿದರೆ ಅಷ್ಟು ಭಾಗ ಉಳಿದುಕೊಳ್ಳುತ್ತದೆ, ಮತ್ತೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಕೆಲವೇ ಪಾತ್ರಗಳ ವಿಶೇಷ ಶಕ್ತಿಯನ್ನು ಬಿಟ್ಟರೆ, ಒಂದು ಸುತ್ತಿನಲ್ಲಿ ಸತ್ತವರು ಆ ಸುತ್ತು ಮುಗಿಯುವವರೆಗೆ ಮರಳಿ ಬರುವುದಿಲ್ಲ. ಹನ್ನೆರಡು ಸುತ್ತುಗಳಾದ ಮೇಲೆ ತಂಡಗಳು ಪಾತ್ರ ಬದಲಿಸುತ್ತವೆ, ಮೊದಲು 13 ಸುತ್ತು ಗೆದ್ದವರು ಪಂದ್ಯ ಗೆಲ್ಲುತ್ತಾರೆ.

ಈ ಚೌಕಟ್ಟು ವ್ಯಾಲರಂಟ್‌ನ ಸ್ವಂತದ್ದಲ್ಲ. 1999ರಲ್ಲಿ ಹಾಫ್-ಲೈಫ್ ಆಟದ ಮೇಲೆ ಹವ್ಯಾಸಿಗಳಿಬ್ಬರು ಕಟ್ಟಿದ ಕೌಂಟರ್-ಸ್ಟ್ರೈಕ್‌ನಿಂದ ಬಂದದ್ದು ಅದು. ಪ್ರತಿ ಪಾತ್ರಕ್ಕೂ ಬೇರೆ ಬೇರೆ ಶಕ್ತಿ ಕೊಡುವ ಕ್ರಮ 2016ರಲ್ಲಿ ಬಂದ ಓವರ್‌ವಾಚ್‌ನಂತಹ ಆಟಗಳಲ್ಲಿ ಮೊದಲೇ ಇತ್ತು. ವ್ಯಾಲರಂಟ್ ಈ ಎರಡನ್ನೂ ಒಂದೆಡೆ ತಂದಿತು, ಮತ್ತು ತರುವಾಗ ಒಂದು ವಿಷಯದಲ್ಲಿ ಎಚ್ಚರ ವಹಿಸಿತು: ಶತ್ರುವನ್ನು ಉರುಳಿಸುವ ಮುಖ್ಯ ಸಾಧನ ಬಂದೂಕೇ ಆಗಿರಬೇಕು, ಶಕ್ತಿಗಳು ಆ ಬಂದೂಕಿಗೆ ದಾರಿ ಮಾಡಿಕೊಡಬೇಕು. ಹೊಗೆ, ಕಣ್ಣು ಕೋರೈಸುವ ಬೆಳಕು, ಗೋಡೆ, ಬೇಹುಗಾರಿಕೆಯ ಬಾಣ, ಕಾಲಿಗೆ ತೊಡರುವ ತಂತಿ, ಇವೆಲ್ಲ ಇರುವುದು ಗುಂಡು ಹಾರುವ ಮೊದಲಿನ ಕ್ಷಣಗಳಿಗಾಗಿ.

ಬಂದೂಕಿನ ವಿಷಯದಲ್ಲಿ ಆಟ ಎಷ್ಟು ನಿಷ್ಠುರವೆಂಬುದಕ್ಕೆ ಒಂದು ಉದಾಹರಣೆ ಸಾಕು. ಪೂರ್ಣ ರಕ್ಷಾಕವಚ ತೊಟ್ಟ ಆಟಗಾರನ ಬಲ, ದೇಹದ್ದು 100 ಮತ್ತು ಕವಚದ್ದು 50, ಒಟ್ಟು 150. ವ್ಯಾಂಡಲ್ ಬಂದೂಕಿನ ಒಂದು ಗುಂಡು ತಲೆಗೆ ತಗುಲಿದರೆ ಎಷ್ಟೇ ದೂರದಿಂದಾದರೂ 160 ಕಳೆಯುತ್ತದೆ, ಅಲ್ಲಿಗೆ ಮುಗಿಯಿತು. ಅದೇ 2900 ಕ್ರೆಡಿಟ್ (ಆಟದೊಳಗಿನ ಹಣ) ಬೆಲೆಯ ಫ್ಯಾಂಟಮ್‌ನ ಗುಂಡು 20 ಮೀಟರ್ ಒಳಗೆ 156 ಕಳೆಯುತ್ತದೆ, ಅದರಾಚೆಗೆ 140ಕ್ಕೆ ಇಳಿಯುತ್ತದೆ. ಎದುರಾಳಿಗೆ 10 ಉಳಿಯುತ್ತದೆ, ಆ ಹತ್ತರಲ್ಲಿ ಆತ ತಿರುಗಿ ಹೊಡೆಯಬಲ್ಲ. ಓಡುತ್ತ ಹಾರಿಸಿದ ಗುಂಡು ಎಲ್ಲಿಗೋ ಹೋಗುತ್ತದೆ, ಆದ್ದರಿಂದ ಹೊಡೆಯುವ ಮುನ್ನ ನಿಲ್ಲಲೇಬೇಕು. ಓಡಿದರೆ ಹೆಜ್ಜೆಯ ಸದ್ದು ಎದುರಾಳಿಗೆ ಕೇಳಿಸುತ್ತದೆ, ಮೆಲ್ಲನೆ ನಡೆದರೆ ಕೇಳಿಸುವುದಿಲ್ಲ ಆದರೆ ಸಮಯ ಹೋಗುತ್ತದೆ. ನನ್ನ ತಮ್ಮನಂತಹವರು ಈ ಲೆಕ್ಕವನ್ನೆಲ್ಲ ಬೆರಳ ತುದಿಯಲ್ಲಿಟ್ಟುಕೊಂಡಿರುತ್ತಾರೆ. ನನಗೆ ಲೆಕ್ಕ ತಿಳಿದಿದೆ, ಆದರೆ ಬೆರಳು ಅಷ್ಟು ಬೇಗ ಹೋಗುವುದಿಲ್ಲ. ಎದುರುಬದುರಾಗಿ ನಿಂತ ಹತ್ತು ಕಾಳಗಗಳಲ್ಲಿ ನಾನು ಮೂರೋ ನಾಲ್ಕೋ ಗೆಲ್ಲುತ್ತೇನೆ.

ಹಾಗಿದ್ದರೆ ನನ್ನಂತಹವಳು ಇಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆಗೆ ಆಟ ಕೊಟ್ಟಿರುವ ಉತ್ತರ ನನಗೆ ಬಹಳ ಹಿಡಿಸಿದೆ. ನಾನು ಸಾಮಾನ್ಯವಾಗಿ ಆರಿಸಿಕೊಳ್ಳುವ ಪಾತ್ರ ಬ್ರಿಮ್‌ಸ್ಟೋನ್. ಅವನ ಕೈಯಲ್ಲಿರುವ ಪುಟ್ಟ ನಕ್ಷೆಯಲ್ಲಿ ಮೂರು ಜಾಗಗಳನ್ನು ಗುರುತಿಸಿದರೆ ಆಕಾಶದಿಂದ ಅಲ್ಲಿಗೆ ಹೊಗೆ ಇಳಿದು ಸುಮಾರು 19 ಸೆಕೆಂಡು ನಿಲ್ಲುತ್ತದೆ. ಈ ಕೆಲಸಕ್ಕೆ ಚುರುಕು ಬೆರಳು ಬೇಡ. ಯಾವ ಮೂಲೆಯಿಂದ ಎದುರಾಳಿ ನೋಡುತ್ತಿರಬಹುದು, ನಮ್ಮವರು ಒಳಗೆ ಕಾಲಿಡಲು ಎಷ್ಟು ಸೆಕೆಂಡು ಬೇಕು, ಮೂರನ್ನೂ ಈಗಲೇ ಬಳಸಬೇಕೋ ಅಥವಾ ಸ್ಪೈಕ್ ನೆಟ್ಟ ಮೇಲಿನ ಹೊತ್ತಿಗೆ ಒಂದನ್ನು ಉಳಿಸಿಕೊಳ್ಳಬೇಕೋ ಎಂಬ ತಿಳಿವಳಿಕೆ ಬೇಕು. ಹೊಗೆ ತೀರಾ ಮೊದಲೇ ಬಿದ್ದರೆ ನಮ್ಮವರು ತಲುಪುವಷ್ಟರಲ್ಲಿ ಕರಗುತ್ತದೆ, ಎರಡು ಸೆಕೆಂಡು ತಡವಾದರೆ ಮುಂದಿದ್ದವನು ಸತ್ತಿರುತ್ತಾನೆ. ಕಬಡ್ಡಿಯಲ್ಲಿ ಕೈ ಬಿಗಿಹಿಡಿಯುವ ಕ್ಷಣವೇ ಇದು.

ಕಳೆದ ಮಳೆಗಾಲದ ಒಂದು ಪಂದ್ಯವನ್ನು ಇಲ್ಲಿ ಹೇಳಬೇಕು. ಬೈಂಡ್ ಎಂಬ ನಕ್ಷೆ, ನಾವು 12, ಅವರು 11. ನಮ್ಮವರು ಸ್ಪೈಕ್ ನೆಟ್ಟು ನಾಲ್ವರೂ ಉರುಳಿದ್ದರು, ಎದುರು ತಂಡದಲ್ಲಿ ಒಬ್ಬ ಉಳಿದಿದ್ದ, ನಾನು ಬಲು ದೂರದ ಗೋಡೆಯ ಹಿಂದಿದ್ದೆ. ನೇರ ಕಾಳಗಕ್ಕೆ ಹೋದರೆ ನಾನು ಸೋಲುವ ಸಾಧ್ಯತೆಯೇ ಹೆಚ್ಚು. ಬ್ರಿಮ್‌ಸ್ಟೋನ್ ಬಳಿ ನೆಲದ ಮೇಲೆ ಬೆಂಕಿ ಹರಡುವ ಒಂದು ಗುಂಡಿರುತ್ತದೆ. ಅದನ್ನು ಯಾವ ಕೋನದಲ್ಲಿ ಎಸೆದರೆ ಗೋಡೆಗಳನ್ನು ದಾಟಿ ನಮ್ಮವರು ಸ್ಪೈಕ್ ನೆಡುವ ಜಾಗದಲ್ಲೇ ಬೀಳುತ್ತದೆ ಎಂಬುದನ್ನು ನಾನೂ ತಮ್ಮನೂ ಎರಡು ಸಂಜೆ ಕೂತು ಅಭ್ಯಾಸ ಮಾಡಿದ್ದೆವು. ಸತ್ತ ಆಟಗಾರರು ಬದುಕಿರುವವರ ಪರದೆಯನ್ನು ನೋಡುತ್ತ ಮಾತನಾಡಬಹುದು. ಪಕ್ಕದ ಕೋಣೆಯಲ್ಲಿದ್ದ ತಮ್ಮ ಸ್ಪೈಕ್ ನೆಟ್ಟಾಗಿನಿಂದ ಸೆಕೆಂಡು ಎಣಿಸುತ್ತಿದ್ದ. ನಿಷ್ಕ್ರಿಯಗೊಳಿಸಲು ಕೈಯಿಟ್ಟ ಸದ್ದು ಕೇಳಿದ ಕೂಡಲೇ ನನ್ನ ಬೆರಳು ಹೋಯಿತು. "ತಡಿ ಅಕ್ಕಾ, ಅಂವ ಬರೇ ಮುಟ್ಟಿ ನೋಡಾಕತ್ತಾನ" ಎಂದ. ಸದ್ದು ನಿಂತಿತು. ಎದುರಾಳಿ ನನ್ನನ್ನು ಹೊರಗೆಳೆಯಲು ಸುಳ್ಳು ಸದ್ದು ಮಾಡಿದ್ದ. ಮತ್ತೆ ಸದ್ದು ಕೇಳಿದಾಗ ಸಿಡಿಯಲು ಸುಮಾರು ಒಂಬತ್ತು ಸೆಕೆಂಡು ಉಳಿದಿತ್ತು. "ಈಗ ಹೊಡಿ" ಎಂದ. ಎಸೆದೆ. ಬೆಂಕಿಯಿಂದ ಹಿಂದೆ ಸರಿದ ಎದುರಾಳಿಗೆ ಮರಳಿ ಬಂದು ಮುಗಿಸಲು ಸಮಯವಿರಲಿಲ್ಲ. ಆ ಸುತ್ತಿನಲ್ಲಿ ನಾನು ಬಂದೂಕಿನಿಂದ ಒಂದು ಗುಂಡನ್ನೂ ಹಾರಿಸಲಿಲ್ಲ, ಪಂದ್ಯ ಗೆದ್ದೆವು. ಇಂತಹ ಗೆಲುವಿಗೆ ಜಾಗವಿಟ್ಟುಕೊಂಡಿರುವ ಆಟವನ್ನು ನಾನು ತಂಡದ ಆಟ ಎಂದು ಒಪ್ಪುತ್ತೇನೆ.

ಹಣದ ವ್ಯವಸ್ಥೆಯಲ್ಲಿಯೂ ಇದೇ ಆಲೋಚನೆ ಕೆಲಸ ಮಾಡಿದೆ. ಮೊದಲ ಸುತ್ತಿಗೆ ಎಲ್ಲರಿಗೂ 800 ಕ್ರೆಡಿಟ್. ಗೆದ್ದ ಸುತ್ತಿಗೆ 3000, ಸೋತರೆ 1900, ಸತತವಾಗಿ ಸೋತರೆ 2400, ನಂತರ 2900. ಒಳ್ಳೆಯ ಬಂದೂಕಿಗೆ 2900 ಮತ್ತು ಪೂರ್ಣ ಕವಚಕ್ಕೆ 1000 ಬೇಕಾಗಿರುವುದರಿಂದ, ಸೋತ ತಂಡ ಒಂದು ಸುತ್ತು ಖರ್ಚು ಮಾಡದೆ ಉಳಿಸಿಕೊಂಡು ಮುಂದಿನ ಸುತ್ತಿನಲ್ಲಿ ಎಲ್ಲರೂ ಒಟ್ಟಿಗೆ ಕೊಳ್ಳುವುದು ಜಾಣತನ. ಒಬ್ಬ ತನ್ನ ಪಾಡಿಗೆ ತಾನು ಕೊಂಡರೆ ಆ ಸುತ್ತಿನಲ್ಲಿ ಅವನೊಬ್ಬನೇ ಬಂದೂಕುಧಾರಿ, ಮುಂದಿನ ಸುತ್ತಿನಲ್ಲಿ ಅವನೊಬ್ಬನೇ ಬರಿಗೈ. ಹೆಚ್ಚು ಹಣವಿರುವವರು ಕಡಿಮೆ ಇರುವವರಿಗೆ ಬಂದೂಕು ಕೊಂಡು ಕೊಡಬಹುದು. ಅದಕ್ಕೆ ಕೇಳುವ ಗುಂಡಿಯೂ ಇದೆ, ಕೊಡುವ ಗುಂಡಿಯೂ ಇದೆ. ನಾನು ಕಡಿಮೆ ಖರ್ಚಿನ ಬಂದೂಕಿನಲ್ಲಿ ಉಳಿದು ತಮ್ಮನಿಗೆ ವ್ಯಾಂಡಲ್ ಕೊಡಿಸಿದ ಸುತ್ತುಗಳು ಲೆಕ್ಕವಿಲ್ಲದಷ್ಟು. ಪಾತ್ರದ ಅತಿ ದೊಡ್ಡ ಶಕ್ತಿಗೆ ಬೇಕಾಗುವ ಅಂಕಗಳಲ್ಲಿ ಒಂದು, ಸತ್ತವರಿಗೂ ದೊರೆಯುತ್ತದೆ ಎಂಬುದು ಸಣ್ಣ ಸಂಗತಿ, ಆದರೆ ವಿನ್ಯಾಸ ಮಾಡಿದವರ ಮನಸ್ಸು ಅದರಲ್ಲಿ ಕಾಣುತ್ತದೆ.

ನಕ್ಷೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 2023ರ ಜನವರಿಯಲ್ಲಿ ಬಂದ ಲೋಟಸ್. ಆಟದ ಕಥೆಯ ಪ್ರಕಾರ ಅದು ಇರುವುದು ಪಶ್ಚಿಮ ಘಟ್ಟದಲ್ಲಿ. ಕಾತ್ರಜ್ ಘಾಟ್ ದಾಟಿ ಊರಿಗೆ ಹೋಗುವ, ಗೋವೆಗೆ ಹೋಗುವಾಗ ಚೋರ್ಲಾ ಘಾಟಿನ ಮಂಜನ್ನು ಕಂಡ ನನ್ನಂತಹವರಿಗೆ ಆ ಕಲ್ಲಿನ ಕಟ್ಟಡಗಳು, ಹಬ್ಬಿದ ಬೇರು, ನೀರಿನ ಬೀಳು ಪರಿಚಿತವೆನಿಸುತ್ತವೆ. ಆದರೆ ನಾನು ಅದನ್ನು ಮೆಚ್ಚುವುದು ನೋಟಕ್ಕಾಗಿ ಅಲ್ಲ. ಹೆಚ್ಚಿನ ನಕ್ಷೆಗಳಲ್ಲಿ ಎರಡು ಸೈಟುಗಳಿದ್ದರೆ ಇಲ್ಲಿ ಮೂರಿವೆ, ಕಾಯಬೇಕಾದವರು ಐದೇ ಜನ. ಯಾವುದೋ ಒಂದು ಕಡೆ ಒಬ್ಬರೇ ನಿಲ್ಲಬೇಕಾಗುತ್ತದೆ. ಅದರ ಜೊತೆಗೆ ಎರಡು ತಿರುಗುವ ಕಲ್ಲುಬಾಗಿಲುಗಳಿವೆ. ತಿರುಗಿಸಿದರೆ ದೊಡ್ಡ ಸದ್ದಾಗುತ್ತದೆ. ಸದ್ದು ಕೇಳಿದ ರಕ್ಷಕನಿಗೆ ಬಾಗಿಲು ತಿರುಗಿತೆಂದು ತಿಳಿಯುತ್ತದೆ, ಯಾರಾದರೂ ದಾಟಿ ಬಂದರೋ ಅಥವಾ ಬೇಕೆಂದೇ ಸದ್ದು ಮಾಡಿ ಬೇರೆ ಕಡೆ ಹೋದರೋ ಎಂಬುದು ತಿಳಿಯುವುದಿಲ್ಲ. ಉಳಿದ ನಾಲ್ವರು ಏನು ಕಂಡಿದ್ದಾರೆ, ಏನು ಕಂಡಿಲ್ಲ ಎಂಬುದನ್ನು ಕೂಡಿಸಿ ನೋಡಿದಾಗ ಮಾತ್ರ ಉತ್ತರ ಸಿಗುತ್ತದೆ. "ಇಲ್ಲಿ ಯಾರೂ ಇಲ್ಲ" ಎಂಬ ಮಾತಿಗೆ ಈ ನಕ್ಷೆಯಲ್ಲಿ ಒಂದು ಕಿಲ್‌ನಷ್ಟೇ, ಅಂದರೆ ಒಬ್ಬ ಎದುರಾಳಿಯನ್ನು ಉರುಳಿಸಿದಷ್ಟೇ, ಬೆಲೆಯಿದೆ.

ಆ ಮಾತು ಚಿಕ್ಕದಾಗಿರಬೇಕು. ನಾವು ಆಡುವುದು ಕನ್ನಡದಲ್ಲಿ: ನಾನು, ತಮ್ಮ, ಬೆಳಗಾವಿಯಲ್ಲಿರುವ ಸೋದರಮಾವನ ಮಗ, ಹಿಂಜವಡಿಯ ನನ್ನ ಆಫೀಸಿನ ಉಡುಪಿಯ ಸಹೋದ್ಯೋಗಿ. ನಮ್ಮ 'ಹೊಗಿ' ಅವರಿಗೆ 'ಹೊಗೆ', ಅಷ್ಟೇ ವ್ಯತ್ಯಾಸ. ನಕ್ಷೆಯ ಜಾಗಗಳಿಗೆ ನಾವು ನಮ್ಮವೇ ಹೆಸರುಗಳನ್ನಿಟ್ಟುಕೊಂಡೆವು: ಮರ, ದಿಬ್ಬ, ಬಾಗಲಾ, ನೀರು. "ದಿಬ್ಬ, ಇಬ್ಬರು" ಎಂದು ಹೇಳಲು ಒಂದು ಸೆಕೆಂಡೂ ಬೇಡ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನಾವು ಮೊದಮೊದಲು "ಮರದ ಕೆಳಗ ಒಬ್ಬಾಂವ ಕುಂತು ನೋಡಾಕತ್ತಾನ" ಎಂದು ಪೂರ್ತಿ ಹೇಳಲು ಹೋಗಿ ತಡವಾಗುತ್ತಿತ್ತು. ಬರಬರುತ್ತ ಜಾಗವನ್ನು ಮೊದಲು, ಸಂಖ್ಯೆಯನ್ನು ಆಮೇಲೆ ಹೇಳಿ ಅಷ್ಟಕ್ಕೇ ನಿಲ್ಲಿಸುವುದನ್ನು ಕಲಿತೆವು. ನಮ್ಮ ಉಡುಪಿಯವರು ಭಾರತದ ಕರಾವಳಿಯವನೆಂದು ಆಟ ಪರಿಚಯಿಸುವ ಹಾರ್ಬರ್ ಪಾತ್ರವನ್ನೇ ಪಟ್ಟು ಹಿಡಿದು ಆಡುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಬಂದ ಆ ಪಾತ್ರ ನೀರಿನ ಗೋಡೆ ಎಬ್ಬಿಸುತ್ತದೆ, ನಡುನಡುವೆ ಹಿಂದಿ ಮಾತನಾಡುತ್ತದೆ.

ಇಷ್ಟು ಮಾತನ್ನೇ ನಂಬಿರುವ ಆಟದಲ್ಲಿ ಮಾತನಾಡುವುದೇ ಕಷ್ಟವಾಗುವ ಸಂದರ್ಭಗಳಿವೆ. ಅಪರಿಚಿತರ ಜೊತೆ ಒಬ್ಬಳೇ ಆಡಲು ಕೂತಾಗ ನನ್ನ ದನಿ ಹೆಂಗಸಿನದೆಂದು ತಿಳಿದ ಮರುಕ್ಷಣದಿಂದ ಪಂದ್ಯ ಮುಗಿಯುವವರೆಗೆ ಬೈಗುಳ ಕೇಳಿದ್ದೇನೆ. ಒಮ್ಮೆ ಅಲ್ಲ, ಹಲವು ಸಲ. ಮ್ಯೂಟ್ ಮಾಡಬಹುದು, ದೂರು ಕೊಡಬಹುದು, ಎರಡನ್ನೂ ಮಾಡಿದ್ದೇನೆ. ಆದರೆ ಮ್ಯೂಟ್ ಮಾಡಿದಾಗ ಬೈಗುಳದ ಜೊತೆಗೆ ಆ ಆಟಗಾರ ಕೊಡಬಹುದಾಗಿದ್ದ ಸುದ್ದಿಯೂ ನಿಂತುಹೋಗುತ್ತದೆ, ಮತ್ತು ನಾನು ಬಾಯಿ ಮುಚ್ಚಿದರೆ ತಂಡ ನನ್ನ ಕಿವಿಗಳನ್ನು ಕಳೆದುಕೊಳ್ಳುತ್ತದೆ. ನಕ್ಷೆಯ ಮೇಲೆ ಗುರುತು ಹಾಕಿ ಮಾತಿಲ್ಲದೆ ತಿಳಿಸುವ ಪಿಂಗ್ ವ್ಯವಸ್ಥೆ ಇಂತಹ ಹೊತ್ತಿನಲ್ಲಿ ನನಗೆ ದೊಡ್ಡ ಆಸರೆಯಾಗಿದೆ. ಎಲ್ಲಿ ಶತ್ರು ಕಂಡ, ಎಲ್ಲಿಗೆ ಹೋಗೋಣ, ಎಲ್ಲಿ ನನಗೆ ನೆರವು ಬೇಕು ಎಂಬುದನ್ನು ದನಿ ತೆಗೆಯದೆ ಹೇಳಬಹುದು. ಅದು ಚೆನ್ನಾಗಿದೆ. ಆದರೆ ಸದ್ದು ಕೇಳಿ ಊಹಿಸಿದ್ದನ್ನು, "ಇದು ಸುಳ್ಳು ದಾಳಿ ಇರಬಹುದು" ಎಂಬಂತಹ ಅನುಮಾನವನ್ನು ಪಿಂಗ್ ಹೇಳಲಾರದು. ತಂಡದ ಆಟವನ್ನು ಅಳೆಯುವಾಗ ಅದನ್ನು ಆಡುವ ಜನರನ್ನು ಬದಿಗಿಟ್ಟು ಬರೀ ನಿಯಮಗಳನ್ನು ಅಳೆಯಲಾಗದು ಎಂದು ನಾನು ತಿಳಿದುಕೊಂಡದ್ದು ಇಲ್ಲಿ.

ನನ್ನ ದೊಡ್ಡ ತಕರಾರು ಅಂಕಪಟ್ಟಿಯ ಮೇಲೆ. ಪಂದ್ಯದ ಕೊನೆಗೆ ಆಟಗಾರರನ್ನು ಮೇಲಿನಿಂದ ಕೆಳಕ್ಕೆ ಜೋಡಿಸುವ ಸರಾಸರಿ ಕಾಳಗದ ಅಂಕ ಮುಖ್ಯವಾಗಿ ಎಣಿಸುವುದು ಕೊಟ್ಟ ಪೆಟ್ಟು ಮತ್ತು ಪಡೆದ ಕಿಲ್‌ಗಳನ್ನು. ಪೆಟ್ಟಿಲ್ಲದ ನೆರವಿಗೆ ಅದರಲ್ಲಿ ಸಿಗುವುದು ಅತ್ಯಲ್ಪ. ಸರಿಯಾದ ಹೊತ್ತಿಗೆ ಬಿದ್ದ ಹೊಗೆಯ ಮರೆಯಲ್ಲಿ ಮೂವರು ಸೈಟಿಗೆ ನುಗ್ಗಿ ಸ್ಪೈಕ್ ನೆಟ್ಟರೆ, "ಬಾಗಲಾ ತಿರುಗೇತಿ, ಆದ್ರ ಯಾರೂ ಬಂದಿಲ್ಲ" ಎಂಬ ಒಂದು ಮಾತಿನಿಂದ ಇಬ್ಬರು ಜಾಗ ಬಿಡದೆ ನಿಂತು ಸುತ್ತು ಗೆದ್ದರೆ, ಆ ಪಟ್ಟಿಯಲ್ಲಿ ಅದು ಎಲ್ಲಿಯೂ ಕಾಣುವುದಿಲ್ಲ. ನಾನು ಮೇಲೆ ಹೇಳಿದ ಬೈಂಡ್ ಪಂದ್ಯದಲ್ಲಿ ನನ್ನ ಹೆಸರು ಐವರಲ್ಲಿ ಕೊನೆಗಿತ್ತು. ರ್‍ಯಾಂಕ್ ಏರಿಳಿಯುವುದು ಮುಖ್ಯವಾಗಿ ಗೆಲುವು ಸೋಲಿನಿಂದಲೇ ಆದರೂ, ಆಡುವವರ ಕಣ್ಣು ಹೋಗುವುದು ಅಂಕಪಟ್ಟಿಯ ಕಡೆಗೆ. ಕೊನೆಯಲ್ಲಿರುವವನೇ ಸೋಲಿಗೆ ಕಾರಣ ಎಂಬ ಮಾತು ಪಂದ್ಯದ ನಡುವೆಯೇ ಶುರುವಾಗುತ್ತದೆ, ಹೊಗೆ ಹಾಕಬೇಕಾದವನು ಅದನ್ನು ಬಿಟ್ಟು ಕಿಲ್‌ಗಳ ಬೆನ್ನು ಹತ್ತುತ್ತಾನೆ. ಆಟ ತನ್ನ ನಿಯಮಗಳಲ್ಲಿ ಐದನೆಯವನಿಗೆ ಕೊಟ್ಟ ಗೌರವವನ್ನು ತನ್ನ ಪಟ್ಟಿಯಲ್ಲಿ ಹಿಂದಕ್ಕೆ ಪಡೆಯುತ್ತಿದೆ. ಗೆದ್ದ ಸುತ್ತುಗಳಲ್ಲಿ ಯಾರ ಹೊಗೆ, ಯಾರ ಬಾಣ, ಯಾರು ಕೊಡಿಸಿದ ಬಂದೂಕು ಬಳಕೆಯಾಯಿತು ಎಂಬುದು ಆಟದ ಬಳಿ ದಾಖಲಾಗಿಯೇ ಇರುತ್ತದೆ. ಅದನ್ನು ಕಾಣುವಂತೆ ತೋರಿಸಿದರೆ ಅಪರಿಚಿತರ ನಡುವಿನ ಎಷ್ಟೋ ಜಗಳಗಳು ಕಡಿಮೆಯಾಗುತ್ತವೆ ಎಂದು ನಾನು ನಂಬಿದ್ದೇನೆ.

ತಾಂತ್ರಿಕ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಆಟದ ಸರ್ವರ್ ಸೆಕೆಂಡಿಗೆ 128 ಬಾರಿ ಲೆಕ್ಕ ಹಾಕುತ್ತದೆ, ಅಂದರೆ ಸುಮಾರು 8 ಮಿಲಿಸೆಕೆಂಡಿಗೊಮ್ಮೆ. ಸರ್ವರ್ ಮುಂಬೈಯಲ್ಲಿರುವುದರಿಂದ ವಾಕಡ್‌ನ ನಮ್ಮ ಮನೆಗೆ ವಿಳಂಬ ತೀರಾ ಕಡಿಮೆ; ಬೆಳಗಾವಿಯ ಸೋದರಮಾವನ ಮಗನಿಗೆ ಸ್ವಲ್ಪ ಹೆಚ್ಚು. ವಿಳಂಬ ಹೆಚ್ಚಿದಷ್ಟೂ ಮೂಲೆಯಿಂದ ಇಣುಕಿ ಬರುವವನು, ನಿಂತು ಕಾಯುವವನಿಗಿಂತ ಒಂದು ಕ್ಷಣ ಮೊದಲು ನೋಡುತ್ತಾನೆ, ಆದ್ದರಿಂದ ಈ ಅಂಕಿಗಳು ನ್ಯಾಯದ ಪ್ರಶ್ನೆಯೂ ಹೌದು. ಹಳೆಯ ಕಂಪ್ಯೂಟರ್ ಇದ್ದವರಿಗೂ ಬಾಗಿಲು ತೆರೆದಿದೆ: 4 ಜಿಬಿ ರ್‍ಯಾಮ್ ಮತ್ತು ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್ ಇದ್ದರೆ ಕನಿಷ್ಠ ಮಟ್ಟದಲ್ಲಿ ಆಡಬಹುದು. ಆಟಕ್ಕೆ ಹಣ ಕೊಡಬೇಕಾಗಿಲ್ಲ, ಕೊಳ್ಳುವ ಬಣ್ಣಬಣ್ಣದ ಸ್ಕಿನ್‌ಗಳಿಂದ (ಬಂದೂಕಿನ ಹೊರ ಅಲಂಕಾರಗಳಿಂದ) ಗುಂಡಿನ ಪೆಟ್ಟು ಹೆಚ್ಚುವುದಿಲ್ಲ.

ವ್ಯಾನ್‌ಗಾರ್ಡ್ ಎಂಬ ಮೋಸ ತಡೆಯುವ ತಂತ್ರಾಂಶದ ಬಗ್ಗೆ ಮಾತ್ರ ಸಾಫ್ಟ್‌ವೇರ್ ಕೆಲಸದವಳಾಗಿ ನನಗೆ ಎರಡು ಮನಸ್ಸಿದೆ. ಅದು ಕಂಪ್ಯೂಟರ್ ಚಾಲೂ ಆದಾಗಿನಿಂದಲೇ ಕರ್ನಲ್ ಮಟ್ಟದಲ್ಲಿ, ಅಂದರೆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯ ತಿರುಳಿನಲ್ಲೇ, ಕೆಲಸ ಮಾಡುತ್ತದೆ. ನಿಲ್ಲಿಸಬಹುದು, ಆದರೆ ಮತ್ತೆ ಆಡಬೇಕಾದರೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಬೇಕು. ಆಟವೊಂದಕ್ಕೆ ಅಷ್ಟು ಆಳದ ಅಧಿಕಾರ ಕೊಡುವುದು ಸಣ್ಣ ವಿಷಯವಲ್ಲ. ನಾನು ಆಫೀಸಿನ ಕೆಲಸದ ಯಂತ್ರದಲ್ಲಿ ಅದನ್ನು ಎಂದೂ ಹಾಕುವುದಿಲ್ಲ. ಇದಕ್ಕಿಂತ ನನಗೆ ಮೆಚ್ಚುಗೆಯಾದದ್ದು ಇನ್ನೊಂದು ಉಪಾಯ: ಕಣ್ಣಿಗೆ ಬೀಳುವ ಹಂತಕ್ಕೆ ಬರುವವರೆಗೆ ಎದುರಾಳಿ ಎಲ್ಲಿದ್ದಾನೆಂಬ ಮಾಹಿತಿಯನ್ನು ಸರ್ವರ್ ನಮ್ಮ ಕಂಪ್ಯೂಟರಿಗೆ ಕಳುಹಿಸುವುದೇ ಇಲ್ಲ. ಇಲ್ಲದ ಮಾಹಿತಿಯನ್ನು ಗೋಡೆಯಾಚೆ ನೋಡುವ ಮೋಸದ ತಂತ್ರಾಂಶವೂ ತೋರಿಸಲಾರದು.

ರ್‍ಯಾಂಕ್ ಪಂದ್ಯಗಳ ಒಂದು ನಿಯಮ ನಮ್ಮನ್ನು ಮೊದಲು ಬಹಳ ಕಾಡಿತ್ತು. ಒಬ್ಬರೇ, ಇಬ್ಬರು, ಮೂವರು ಅಥವಾ ಐವರು ಗುಂಪಾಗಿ ಸೇರಬಹುದು, ನಾಲ್ವರು ಸೇರುವಂತಿಲ್ಲ. ನಾವಿದ್ದದ್ದು ಸರಿಯಾಗಿ ನಾಲ್ವರು. ಅನ್ಯಾಯವೆಂದು ನಾನು ಗೊಣಗಿದ್ದೆ. ಆದರೆ ರ್‍ಯಾಂಕ್ ಇಲ್ಲದ ಸಾಮಾನ್ಯ ಪಂದ್ಯಗಳಲ್ಲಿ ನಾಲ್ವರೇ ಆಡಿದಾಗ ಐದನೆಯವರಾಗಿ ಬಂದ ಅಪರಿಚಿತರಿಗೆ ನಮ್ಮ ಕನ್ನಡ ಅರ್ಥವಾಗುತ್ತಿರಲಿಲ್ಲ. ನಾವು ದಿಬ್ಬ, ಮರ ಎಂದು ಕೂಗುತ್ತಿದ್ದರೆ ಅವರು ಒಂದು ಮೂಲೆಯಲ್ಲಿ ಮೌನವಾಗಿ ನಿಂತಿರುತ್ತಿದ್ದರು, ಸೋತರೆ ಪಟ್ಟಿಯ ಕೊನೆಯಲ್ಲಿ ಅವರೇ ಇರುತ್ತಿದ್ದರು. ಅಪರಿಚಿತರ ನಡುವೆ ಬಾಯಿ ಮುಚ್ಚಿ ಕೂತ ನನ್ನ ಸ್ಥಿತಿಯಲ್ಲಿ ನಾವು ಬೇರೆ ಒಬ್ಬರನ್ನು ಇಟ್ಟಿದ್ದೆವು. ಆ ನಿಯಮ ಸರಿ.

ಈಗ ಶನಿವಾರ ರಾತ್ರಿಗಳಲ್ಲಿ ನಮ್ಮ ಐದನೆಯವನು ಕೆಳಗಿನ ಮಹಡಿಯ ಕಾಕೂ ಅವರ ಮಗ, ಡಿಪ್ಲೊಮಾ ಓದುವ ಹುಡುಗ. ಅವನಿಗೆ ಕನ್ನಡ ಬಾರದು, ನಮ್ಮ ಮರಾಠಿ ಅಷ್ಟಕ್ಕಷ್ಟೆ. ಎಡಕ್ಕೆ 'ಡಾವೀಕಡೆ', ಬಲಕ್ಕೆ 'ಉಜವೀಕಡೆ' ಎಂದು ನಾವು ಹೇಳುವುದನ್ನು ರೂಢಿಸಿಕೊಂಡೆವು, ಸಂಖ್ಯೆಗಳನ್ನು ಮರಾಠಿಯಲ್ಲೇ ಹೇಳುತ್ತೇವೆ. ಜಾಗಗಳ ಹೆಸರನ್ನು ಮಾತ್ರ ಬದಲಿಸಲಿಲ್ಲ. ಹೋದ ವಾರ ಲೋಟಸ್‌ನಲ್ಲಿ ಮೂರನೆಯ ಸೈಟನ್ನು ಅವನೊಬ್ಬನೇ ಕಾಯುತ್ತಿದ್ದ. ಬಾಗಿಲು ತಿರುಗಿದ ಸದ್ದು ನಮಗೂ ಕೇಳಿಸಿತು, ನಾವು ಮೂವರು ಅತ್ತ ಓಡಲು ತಿರುಗಿದೆವು. "ದಿಬ್ಬ, ಕೋಣೀ ನಾಹೀ, ಅಕ್ಕಾ, ಥಾಂಬಾ" (ಯಾರೂ ಇಲ್ಲ, ನಿಲ್ಲಿ) ಎಂದ. ನಿಂತೆವು. ನಾನು ಮೊದಲ ಸೈಟಿನ ಬಾಯಿಗೆ ಹೊಗೆ ಇಳಿಸಿದೆ, ಎದುರಾಳಿಗಳು ಬಂದದ್ದು ಅಲ್ಲಿಗೇ.